ಅಂಡರ್‌ಗ್ರೌಂಡ್ ಅಂದ್ರೆ ಕಾಫಿ ಕಣದ ಮೇಲೆ

ಮಾರ್ಚ್‌ನ ಒಂದು ಶನಿವಾರ ರಾತ್ರಿ ಕೊಡಗಿನ ನಮ್ಮ ಪಕ್ಕದ ಕಾಫಿ ತೋಟದಲ್ಲಿ ಪರಮ ಗುಟ್ಟಿನ ಡೀಜೆ ಪಾರ್ಟಿ ಇತ್ತು. ಎಷ್ಟು ಗುಟ್ಟು ಅಂದರೆ, ಟಿಕೆಟ್ ತಗೊಂಡವರಿಗೂ ಜಾಗ ಎಲ್ಲಿ ಅಂತ ಹೇಳಿರಲಿಲ್ಲ. ಆ ದಿನ ಸಂಜೆ 6ಕ್ಕೆ ಫೋನಿಗೆ ಲೊಕೇಶನ್ ಬರುತ್ತದಂತೆ. ನನಗೆ ಮಂಗಳವಾರವೇ ಗೊತ್ತಾಯಿತು, ಹಂದಿ ಮಾಂಸದ ಅಂಗಡಿಯಲ್ಲಿ. ‘ನಿಮ್ಗೆ ಎರಡೇ ಕೆಜಿ ಸಾಕಾ? ಪಕ್ಕದ ತೋಟಕ್ಕೆ ಮೂವತ್ತು ಕೆಜಿ ಹೋಗ್ತಿದೆ. ಅದೇನೋ ಅಂಡರ್‌ಗ್ರೌಂಡ್ ಅಂತೆ’ ಅಂದ ಅಂಗಡಿಯವ.

ಜನರೇಟರ್ ಬಾಡಿಗೆಯವನಿಗೆ ಅದಕ್ಕೂ ಮೊದಲೇ ಗೊತ್ತಿತ್ತು. ತೋಟದ ಕೆಲಸಗಾರರ ಲೈನ್‌ಮನೆ ಮಕ್ಕಳಿಗೆ ಯಾವ ಡೀಜೆ ಮೊದಲು, ಯಾರು ಕೊನೆಗೆ ಅನ್ನೋದೂ ಬಾಯಿಪಾಠ. ಅನುಮತಿ ಅರ್ಜಿಯಲ್ಲಿ ಮಾತ್ರ ‘ಹುಟ್ಟುಹಬ್ಬ’ ಅಂತ ಬರೆದಿದ್ದರಂತೆ. ಯಾರದು ಅಂತ ಯಾರೂ ಕೇಳಲಿಲ್ಲ. ನಾನೂರು ಜನ ಬರುವ ಹುಟ್ಟುಹಬ್ಬ, ಮಗುವಿಗೆ ಮೊದಲನೆಯದೇ ಇರಬೇಕು.

ಮಧ್ಯಾಹ್ನವೇ ಡೀಜೆಗಳು ಬಂದಿಳಿದರು. ಒಬ್ಬ ಹುಡುಗ ಜೀಪಿನಿಂದ ಇಳಿದು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದ. ‘ಅಣ್ಣಾ, ಇಲ್ಲಿ ನಿಶ್ಶಬ್ದ ಎಷ್ಟು ಚೆನ್ನಾಗಿದೆ!’

ಹಿಂದಿನ ಲಾರಿಯಿಂದ ಆಳುದ್ದದ ಸ್ಪೀಕರ್ ಇಳಿಸುತ್ತಿದ್ದ ಡ್ರೈವರ್ ಹೇಳಿದ: ‘ಹೌದು ಸಾರ್. ಇವತ್ತು ಒಂಬತ್ತು ಗಂಟೆವರೆಗೂ ಇರುತ್ತೆ.’

ಕಾಫಿ ಕುಯ್ಲು ಮುಗಿದು ಕಣ ಖಾಲಿ ಬಿದ್ದಿತ್ತು. ಜನವರಿಯಲ್ಲಿ ರೊಬಸ್ಟಾ ಒಣಗಿಸಿದ ಸಿಮೆಂಟಿನ ಮೇಲೆ ಈಗ ಬೆಂಗಳೂರು ಒಣಗಲಿತ್ತು. ತೋಟದ ಯಜಮಾನರು ‘ಪಾರ್ಟಿ’ ಅಂದದ್ದಕ್ಕೆ ಆಯೋಜಕ ಹುಡುಗನಿಗೆ ಬೇಜಾರಾಯಿತು. ‘ಅಂಕಲ್, ಇದು ಪಾರ್ಟಿ ಅಲ್ಲ. ಕಮ್ಯೂನಿಟಿ.’ ಆ ಕಮ್ಯೂನಿಟಿಯಲ್ಲೂ ಮೂರು ಬಣ್ಣದ ಕೈಪಟ್ಟಿ ಇತ್ತು, ಮೂರು ರೇಟು. ಚಿನ್ನದ ಬಣ್ಣದ್ದು ಕಟ್ಟಿದವರಿಗೆ ಬೇರೆ ಶೌಚಾಲಯ.

ನಾನು ಈ ಸಂಗೀತದ ವಿರೋಧಿ ಅಲ್ಲ. 1977ರಲ್ಲಿ ಶಿಕಾಗೋದಲ್ಲಿ ವೇರ್‌ಹೌಸ್ ಅನ್ನೋ ಕ್ಲಬ್ ಶುರುವಾಯಿತು. ಡೀಜೆಗಳ ‘ಹೌಸ್’ ಸಂಗೀತಕ್ಕೆ ಹೆಸರು ಬಂದದ್ದು ಅಲ್ಲಿಂದಲೇ ಅಂತಾರೆ. ಅಲ್ಲಿ ಕುಣಿದವರಲ್ಲಿ ಹೆಚ್ಚಿನವರು ಕಪ್ಪು ಜನ, ಸಲಿಂಗಿಗಳು. ಬೇರೆ ಕಡೆ ಅವರನ್ನು ಒಳಗೆ ಬಿಡುತ್ತಿರಲಿಲ್ಲ, ಬೇರೆ ಜಾಗ ಇರಲಿಲ್ಲ. ನಮ್ಮವರಿಗೆ ಬೇರೆ ವೀಕೆಂಡ್ ಇರಲಿಲ್ಲ, ಅಷ್ಟೇ.

ಇಂಗ್ಲೆಂಡಿನವರು ಇನ್ನೂ ಮಜಾ. ಬಯಲಲ್ಲಿ ರಾತ್ರಿಯಿಡೀ ಕುಣಿಯುವವರನ್ನು ತಡೆಯಲು 1994ರಲ್ಲಿ ಕಾಯ್ದೆಯನ್ನೇ ತಂದರು. ಒಂದರ ಹಿಂದೊಂದು ಅದದೇ ಬಡಿತ ಬರುವುದೂ ಸಂಗೀತವೇ ಅಂತ ಅದರಲ್ಲಿ ಬರೆದುಕೊಂಡರು! ಆ ಕಾಯ್ದೆ ಕೊಡಗಿಗೆ ಬಂದರೆ ಮೊದಲ ಕೇಸು ನಮ್ಮ ಮದುವೆ ವಾಲಗದ ಮೇಲೆ. ಅದೇ ತಾಳ, ಅದೇ ಕುಣಿತ, ಕೈಯಲ್ಲಿ ಅದೇ ಗ್ಲಾಸು. ಮೈಕ್ ಇಲ್ಲ ಅನ್ನೋದೊಂದೇ ಬಚಾವ್.

ರಾತ್ರಿ ಹನ್ನೊಂದಾದರೂ ನಮ್ಮ ಕಿಟಕಿ ಗಾಜು ತಾಳ ಹಾಕುತ್ತಲೇ ಇತ್ತು. ಟಾರ್ಚ್ ಹಿಡಿದು ಜಗಳಕ್ಕೆ ಹೊರಟೆ. ಕಾನೂನು ಓದಿಕೊಂಡೇ ಹೋಗಿದ್ದೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಜನ ವಾಸ ಇರುವ ಕಡೆ ರಾತ್ರಿ ಮಿತಿ 45 ಡೆಸಿಬೆಲ್. ನಮ್ಮ ಮನೆ ಹಳೇ ಫ್ರಿಜ್ಜೇ ಅದನ್ನು ದಾಟುತ್ತದೋ ಏನೋ. (ಮಡಿಕೇರಿ ದಸರೆಯಲ್ಲಿ ಹತ್ತು ಮಂಟಪಗಳ ಮುಂದೆ ರಾತ್ರಿಯಿಡೀ ನಿಂತು ಚಪ್ಪಾಳೆ ತಟ್ಟುವಾಗ ಈ ನಿಯಮ ನನಗೆ ಒಮ್ಮೆಯೂ ನೆನಪಾಗಿಲ್ಲ. ಆ ಮಾತು ಬೇರೆ.)

ಕಣದಲ್ಲಿ ಡೀಜೆಯನ್ನು ಹತ್ತಿರದಿಂದ ನೋಡಿದೆ. ಹೆಡ್‌ಫೋನ್ ಒಂದೇ ಕಿವಿಗೆ. ಇನ್ನೊಂದು ಕಿವಿ ಕಮ್ಯೂನಿಟಿಗೆ. ರಾತ್ರಿಯಿಡೀ ಬೇಕಾದ ಹಾಡೆಲ್ಲ ಹೆಬ್ಬೆರಳಿನಷ್ಟು ಪೆನ್‌ಡ್ರೈವಿನಲ್ಲಿ. ಅದನ್ನು ಹೊರಗೆ ಕೇಳಿಸೋಕೆ ಒಂದು ಲಾರಿ ಸಾಮಾನು. ನಿಮಿಷಕ್ಕೆ 145 ಬಡಿತ. ನನ್ನ ಡಾಕ್ಟರು 100 ದಾಟಿದರೆ ಫೋನ್ ಮಾಡಿ ಅಂದಿದ್ದಾರೆ. ಪುಣ್ಯಾತ್ಮ ಒಂದು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದ, ದೇವರೇ ಕೈ ಹಿಡಿದು ತಿರುಗಿಸಿದ ಹಾಗೆ ಮುಖ ಮಾಡಿದ. ಸದ್ದು ನಿಂತಿತು. ನಾನೂರು ಜನ ಉಸಿರು ಹಿಡಿದರು. ಆಮೇಲೆ ಮೊದಲಿದ್ದದ್ದೇ ಮತ್ತೆ ಶುರುವಾಯಿತು, ಎಲ್ಲರೂ ಕಿರುಚಿದರು. ನಮ್ಮಲ್ಲಿ ಕರೆಂಟ್ ಹೋಗಿ ಬಂದಾಗ ಹೀಗೇ ಕಿರುಚುತ್ತೇವೆ. ಅದಕ್ಕೆ ಟಿಕೆಟ್ ಇಟ್ಟಿಲ್ಲ.

ನಿಜವಾದ ಅಂಡರ್‌ಗ್ರೌಂಡ್ ಕೇಳುಗರು ಬೇಲಿಯಾಚೆ ಇದ್ದರು. ಆನೆಗಳು ನಮ್ಮ ಕಿವಿಗೆ ಸಿಗದಷ್ಟು ಕೆಳಗಿನ ದನಿಯಲ್ಲಿ ಮಾತಾಡುತ್ತವೆ. ನೆಲದ ಅದುರು ಅವಕ್ಕೆ ಕಾಲಿನಿಂದಲೇ ಗೊತ್ತಾಗುತ್ತದೆ. ‘ಇವತ್ತು ಪಟಾಕಿ ಖರ್ಚು ಉಳೀತು’ ಅಂತ ತೋಟದ ಕಾವಲುಗಾರ ಖುಷಿಯಲ್ಲಿದ್ದ. ಉಳಿದದ್ದು ಅವನ ಪಟಾಕಿ. ಹೋದದ್ದು ನನ್ನ ಬಾಳೆ. ಅಲ್ಲಿಂದ ಎದ್ದ ಹಿಂಡು ಸೀದಾ ನಮ್ಮ ತೋಟಕ್ಕೆ ಬಂದಿತ್ತು, ಕೈಪಟ್ಟಿ ಇಲ್ಲದೆ. ಬೆಳಿಗ್ಗೆ ಕಮ್ಯೂನಿಟಿಯವರು ವೃತ್ತದಲ್ಲಿ ಕೂತು ಮರಕ್ಕೆ, ಮಣ್ಣಿಗೆ, ಚಂದ್ರನಿಗೆ ಥ್ಯಾಂಕ್ಸ್ ಹೇಳಿದರಂತೆ. ಡೀಸೆಲ್ ಹೊತ್ತವರ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಬಾಳೆಯದಂತೂ ಇಲ್ಲವೇ ಇಲ್ಲ.

ನನ್ನ ಜಗಳ ಏನಾಯಿತು ಅಂತೀರಾ? ಮೂರು ಗಂಟೆಯಾದರೂ ಆಯೋಜಕರು ಕೈಗೆ ಸಿಗಲಿಲ್ಲ. ಅಷ್ಟರಲ್ಲಿ ಗುಡುಗು. ದಪ್ಪ ಹನಿ. ಹೂಮಳೆ! ಕಾಫಿ ಗಿಡ ಹೂ ಬಿಡೋದೇ ಈ ಮಳೆಗೆ. ಡೀಜೆಗಳು ಕಾಫಿ ಮುಚ್ಚುವ ಟಾರ್ಪಾಲು ಎಳೆದು ಮಿಕ್ಸರಿಗೆ ಹೊದಿಸಿದರು. ಸದ್ದು ಸತ್ತಿತು. ನಾನು ಬೈಯಬೇಕಿದ್ದ ಮಾತೆಲ್ಲ ಮರೆತು, ನಮ್ಮ ರೊಬಸ್ಟಾ ನೆನೆದುಕೊಂಡು ಮಳೆಯಲ್ಲೇ ನಿಂತೆ.

ಬೆಳಕು ಹರಿಯುವ ಹೊತ್ತಿಗೆ ಯಜಮಾನರು ಮಳೆಮಾಪಕದ ಹತ್ತಿರ ಟಾರ್ಚ್ ಹಿಡಿದು ಬಗ್ಗಿದರು. ಎದ್ದು, ಎರಡೂ ಕೈ ಮೇಲೆತ್ತಿ ಕೂಗಿದರು: ‘ಒಂದು ಇಂಚು ಇಪ್ಪತ್ತು ಸೆಂಟ್!’

ಒದ್ದೆಯಾಗಿ ನಿಂತಿದ್ದ ನಾನೂರು ಜನ ‘ಹೋ’ ಅಂತ ಕಿರುಚಿ ಕುಣಿದರು. ಡೀಜೆ ಟಾರ್ಪಾಲಿನಿಂದ ತಲೆ ಹೊರಗೆ ಹಾಕಿ ನನ್ನನ್ನು ಕೇಳಿದ: ‘ಅಂಕಲ್ ಯಾವ ಟ್ರ್ಯಾಕ್ ಕೇಳ್ತಿದ್ದಾರೆ?’