ರಸೀದಿ ಪುಸ್ತಕ ಅಚ್ಚು ಹಾಕಿಸಲು ಈಗ ಯಾವ ಪಕ್ಷವೂ ಬರುವುದಿಲ್ಲ

ಗದಗದಲ್ಲಿ ನಮ್ಮದು ಎರಡು ತಲೆಮಾರಿನ ಮುದ್ರಣಾಲಯ. ಚುನಾವಣೆ ಬಂತೆಂದರೆ ಎಲ್ಲ ಬಣ್ಣದ ಕರಪತ್ರಗಳೂ ನಮ್ಮಲ್ಲಿ ಅಚ್ಚಾಗುತ್ತವೆ. ಯಾವ ಪಕ್ಷದ ಕೈ ಬಿಗಿಯಾಗಿದೆ ಎಂಬುದು ಪತ್ರಿಕೆಯವರಿಗಿಂತ ಮೊದಲು ನಮಗೆ ತಿಳಿಯುತ್ತದೆ. ದುಡ್ಡಿರುವವರು ಮುಂಗಡ ಕೊಟ್ಟು ಹೋಗುತ್ತಾರೆ, ಇಲ್ಲದವರು ಚಹಾ ಕುಡಿದು ಕುಳಿತುಕೊಳ್ಳುತ್ತಾರೆ.

ಕೆಲವು ಚುನಾವಣೆಗಳ ಹಿಂದಿನ ಮಾತು. ರಾಜ್ಯ ಮಟ್ಟದ ಒಂದು ಪಕ್ಷದ ತಾಲ್ಲೂಕು ಅಧ್ಯಕ್ಷರು ನಮಗೆ ನಲವತ್ತೆರಡು ಸಾವಿರ ರೂಪಾಯಿ ಬಾಕಿ ಉಳಿಸಿಕೊಂಡಿದ್ದರು. ರೋಣದ ಕಡೆಯ ರೈತರು, ಅರವತ್ತು ದಾಟಿದವರು. ಮತ ಎಣಿಕೆ ಮುಗಿದು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಬಂದರು. "ಬೆಂಗಳೂರಿನಿಂದ ಕಳಿಸುತ್ತೇವೆ ಅಂದಿದ್ದರು, ಕಳಿಸಲಿಲ್ಲ ತಮ್ಮಾ. ಬ್ಯಾಡಗಿಯ ಶೀತಲಗೃಹದಲ್ಲಿ ಇಪ್ಪತ್ತು ಚೀಲ ಮೆಣಸಿನಕಾಯಿ ಇಟ್ಟಿದ್ದೇನೆ. ಮಾರಿದ ಮೇಲೆ ಕೊಡುತ್ತೇನೆ" ಎಂದರು.

"ಕಾಕಾ, ಇದು ಪಕ್ಷದ ಬಾಕಿ, ನಿಮ್ಮದಲ್ಲ" ಎಂದೆ.

"ಬಿಲ್ಲಿನ ಮೇಲೆ ಸಹಿ ನನ್ನದಲ್ಲವೇ?"

ಎರಡು ಕಂತಿನಲ್ಲಿ ಪೂರ್ತಿ ತೀರಿಸಿದರು. ಮುಂದಿನ ಚುನಾವಣೆಯಲ್ಲಿ ಟಿಕೆಟ್ ಸಿಕ್ಕಿದ್ದು ಪಕ್ಷ ಸೇರಿ ಹದಿನೈದು ದಿನವೂ ಆಗದ ಒಬ್ಬ ಗುತ್ತಿಗೆದಾರರಿಗೆ. ಆಕಾಂಕ್ಷಿಗಳಿಗೆ ಪಕ್ಷ ಕೇಳಿದ್ದು ಒಂದೇ ಪ್ರಶ್ನೆಯಂತೆ: ನಿಮ್ಮ ಖರ್ಚು ನೀವೇ ನೋಡಿಕೊಳ್ಳುತ್ತೀರಾ? ಕಾಕಾ ಆ ಪ್ರಶ್ನೆಗೆ ಏನು ಹೇಳಬೇಕಿತ್ತು?

ಪ್ರಾದೇಶಿಕ ಪಕ್ಷಕ್ಕೆ ದುಡ್ಡಿಲ್ಲವೆಂದರೆ ಜನ ನಂಬುವುದಿಲ್ಲ. ನಾಯಕರ ಬಂಗಲೆ, ಕಾರುಗಳನ್ನು ನೋಡಿದವರು ಹೇಗೆ ನಂಬಬೇಕು? ಆದರೆ ನಾಯಕರ ಸಿರಿತನ ಬೇರೆ, ಪಕ್ಷದ ಬಡತನ ಬೇರೆ. ಜಿಲ್ಲಾ ಕಚೇರಿಯ ಬಾಡಿಗೆ, ವಿದ್ಯುತ್ ಬಿಲ್ಲು, ಬಾಗಿಲು ತೆಗೆದು ಕಸ ಗುಡಿಸುವವನ ಪಗಾರ, ಇವೆಲ್ಲ ನಾಯಕರ ಜೇಬಿನಿಂದ ಬರುವುದಾದರೆ ಕಚೇರಿಯೂ ಅವರದೇ, ಟಿಕೆಟ್ಟೂ ಅವರದೇ. ನನ್ನ ಸಿಟ್ಟು ಇರುವುದು ಇಲ್ಲಿ.

ಕಾನೂನು ಸಹ ಉಳ್ಳವರ ಕಡೆಗೇ ವಾಲಿದೆ. ವಿಧಾನಸಭೆಯ ಅಭ್ಯರ್ಥಿ ನಮ್ಮ ರಾಜ್ಯದಲ್ಲಿ 40 ಲಕ್ಷ ರೂಪಾಯಿ ದಾಟಿ ಖರ್ಚು ಮಾಡುವಂತಿಲ್ಲ, ಆದರೆ ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ ಯೋಜನೆಯನ್ನು, ಅಂದರೆ ಕೊಟ್ಟವರ ಹೆಸರು ಜನರಿಗೆ ತಿಳಿಯದಂತೆ ಬ್ಯಾಂಕಿನ ಬಾಂಡ್ ಮೂಲಕ ಪಕ್ಷಗಳಿಗೆ ದೇಣಿಗೆ ಕೊಡುವ ವ್ಯವಸ್ಥೆಯನ್ನು, ರದ್ದುಪಡಿಸಿತು. ಮಾರ್ಚ್‌ನಲ್ಲಿ ಲೆಕ್ಕ ಹೊರಬಿದ್ದಾಗ ಬಿಜೆಪಿಗೆ ಆರು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಬಂದದ್ದು ಕಂಡಿತು. ನಮ್ಮ ರಾಜ್ಯದ ಜೆಡಿಎಸ್‌ಗೆ ಬಂದದ್ದು 89.75 ಕೋಟಿ, ಅದರಲ್ಲಿ 50 ಕೋಟಿ ಒಂದೇ ಕಂಪನಿಯದು. ಮೊತ್ತದ ಅಂತರಕ್ಕಿಂತ ನನ್ನನ್ನು ಕಾಡುವುದು ಆ 50 ಕೋಟಿಯ ಅಂಕಿ. ಅರ್ಧಕ್ಕಿಂತ ಹೆಚ್ಚು ಹಣ ಒಂದೇ ಕೈಯಿಂದ ಬಂದರೆ ಯಾವ ಪಕ್ಷಕ್ಕಾದರೂ ಆ ಕೈಯ ಮುಂದೆ ಎದೆಯೆತ್ತಿ ನಿಲ್ಲುವುದು ಕಷ್ಟ.

ನಮ್ಮ ಭಾಗದಲ್ಲೇ ಎಷ್ಟು ಪಕ್ಷಗಳು ಹುಟ್ಟಿ ಹೋದವು! ಗದಗದ ವಿಜಯ ಸಂಕೇಶ್ವರರು ಕಟ್ಟಿದ ಕನ್ನಡ ನಾಡು ಪಕ್ಷ 2004ರ ಚುನಾವಣೆಗೆ ಇಳಿಯಿತು, ಹೆಚ್ಚು ಕಾಲ ಬಾಳಲಿಲ್ಲ. 2012ರ ಡಿಸೆಂಬರ್ 9ರಂದು ಹಾವೇರಿಯ ಸಮಾವೇಶದಲ್ಲಿ ಯಡಿಯೂರಪ್ಪನವರ ಕರ್ನಾಟಕ ಜನತಾ ಪಕ್ಷ (ಕೆಜೆಪಿ) ಶುರುವಾಯಿತು. ಮರುವರ್ಷದ ವಿಧಾನಸಭೆ ಚುನಾವಣೆಯಲ್ಲಿ ಶೇಕಡಾ ಹತ್ತರ ಹತ್ತಿರ ಮತ, ಆರು ಸ್ಥಾನ. 2014ರ ಜನವರಿಯಲ್ಲಿ ನಾಯಕರು ಬಿಜೆಪಿಗೆ ಮರಳಿದರು, ಪಕ್ಷದ ಕಥೆ ಮುಗಿಯಿತು. ಅಷ್ಟು ಮತ ಹಾಕಿದವರನ್ನು ಯಾರಾದರೂ ಒಂದು ಮಾತು ಕೇಳಿದರೇ? ಐದು ರೂಪಾಯಿಯಾದರೂ ಕೊಟ್ಟು ರಸೀದಿ ಇಟ್ಟುಕೊಂಡ ಲಕ್ಷ ಜನ ಇದ್ದಿದ್ದರೆ ಪಕ್ಷ ಮುಚ್ಚುವಾಗ ಕೇಳಲೇಬೇಕಾಗುತ್ತಿತ್ತು.

ಈ ಮಾತನ್ನು ಕಲ್ಪಿಸಿಕೊಂಡು ಬರೆಯುತ್ತಿಲ್ಲ. 1983ರ ಚುನಾವಣೆಯ ಹೊತ್ತಿಗೆ ನಾನು ಹುಡುಗ, ಅಪ್ಪನ ಟ್ರೆಡಲ್ ಯಂತ್ರದ ಪಕ್ಕದಲ್ಲಿ ನಿಂತು ಕಾಗದ ಎಣಿಸುತ್ತಿದ್ದೆ. ಪಕ್ಷದ ದೇಣಿಗೆ ರಸೀದಿಗಳಲ್ಲಿ ಒಂದು ರೂಪಾಯಿಯದು ಗುಲಾಬಿ ಕಾಗದ, ಎರಡರದು ಹಳದಿ, ಐದರದು ತಿಳಿ ನೀಲಿ. ಅಪ್ಪ ನಂಬರಿಂಗ್ ಮಷಿನ್ ಒತ್ತುತ್ತಿದ್ದರೆ ಪ್ರತಿ ಏಟಿಗೂ ಒಂದು ಅಂಕಿ ಏರುತ್ತಿತ್ತು. ನೂರು ಹಾಳೆಗೆ ಒಂದು ಪುಸ್ತಕ, ಹರಿಯಲು ನಡುವೆ ಚುಕ್ಕೆಗಳ ಸಾಲು. ಹತ್ತಿ ಮಾರುಕಟ್ಟೆಯ ಹಮಾಲರು ಆ ಗುಲಾಬಿ ಚೀಟಿಯನ್ನು ಮಡಚಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು "ನಮ್ಮ ಪಕ್ಷ" ಎನ್ನುತ್ತಿದ್ದರು. ದೊಡ್ಡವರ ಹಣ ಆಗಲೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಹಮಾಲರ ರೂಪಾಯಿಯೂ ಅದರ ಜೊತೆಗಿತ್ತು.

ಸರ್ಕಾರವೂ ನೆರವಾಗಬೇಕು. ಮಾನ್ಯತೆ ಪಡೆದ ಪಕ್ಷಗಳಿಗೆ ನಗದಿನ ಬದಲು ವಸ್ತು, ಸೌಲಭ್ಯಗಳ ರೂಪದಲ್ಲಿ ನೆರವು ಕೊಡಿ ಎಂದು ಇಂದ್ರಜಿತ್ ಗುಪ್ತಾ ಸಮಿತಿ 1998ರಲ್ಲೇ ಹೇಳಿದೆ. ಕರಪತ್ರದ ಕಾಗದ, ಜಿಲ್ಲಾ ಕೇಂದ್ರದಲ್ಲಿ ಕಚೇರಿಗೆ ಒಂದು ಕೋಣೆ, ಇಷ್ಟು ಸಿಕ್ಕರೂ ಕಾಕಾ ಅಂಥವರು ಮೆಣಸಿನಕಾಯಿ ಮಾರಬೇಕಾಗುವುದಿಲ್ಲ. ಆದರೆ ಅದಕ್ಕಾಗಿ ಕಾಯುತ್ತಾ ಕೂರುವ ಅಗತ್ಯವಿಲ್ಲ. ಸಣ್ಣ ದೇಣಿಗೆಗೆ ಯಾವ ಕಾನೂನೂ ಅಡ್ಡಿಯಿಲ್ಲ, ಈಗಂತೂ ಮೊಬೈಲ್‌ನಲ್ಲೇ ಹತ್ತು ರೂಪಾಯಿ ಕಳಿಸಬಹುದು. ಕೇಳಲು ಮನೆಮನೆಗೆ ಹೋಗಬೇಕು, ಪಡೆದದ್ದಕ್ಕೆ ಲೆಕ್ಕ ಕೊಡಬೇಕು. ನಾಯಕರು ಹಿಂಜರಿಯುವುದು ಈ ಎರಡಕ್ಕೇ.

ಅಪ್ಪನ ನಂಬರಿಂಗ್ ಮಷಿನ್ ಇನ್ನೂ ಕಪಾಟಿನಲ್ಲಿದೆ, ಮೊನ್ನೆ ಎಣ್ಣೆ ಹಾಕಿ ನೋಡಿದೆ, ಅಂಕಿಗಳು ಸರಿಯಾಗಿ ಏರುತ್ತವೆ. ಯಾವ ಪಕ್ಷದವರಾದರೂ ಬನ್ನಿ. ಕಾಗದದ ಖರ್ಚು ಕೊಡಿ ಸಾಕು, ಮೊದಲ ನೂರು ರಸೀದಿ ಪುಸ್ತಕಗಳಿಗೆ ಅಚ್ಚಿನ ಕೂಲಿ ತೆಗೆದುಕೊಳ್ಳುವುದಿಲ್ಲ. ಬಂದ ಹಣದ ಲೆಕ್ಕವನ್ನು ತಿಂಗಳಿಗೊಮ್ಮೆ ನಿಮ್ಮ ಕಚೇರಿಯ ಬಾಗಿಲಿಗೆ ಅಂಟಿಸಬೇಕು, ಅದೊಂದೇ ಷರತ್ತು. ಆ ಹಾಳೆಯನ್ನೂ ನಾನೇ ಅಚ್ಚು ಹಾಕಿಕೊಡುತ್ತೇನೆ.