ಇಕಾರಸ್ ಸಾಕು, ಲಿಲಿಯೆಂಟಾಲ್‌ರನ್ನೇ ನಿಲ್ಲಿಸಿ

ಹಾರಾಟದ ಮೊದಲಿಗರಿಗೆ ಪ್ರತಿಮೆ ಮಾಡುವವರು ಮುಖದ ಹೋಲಿಕೆಗೆ ತಿಂಗಳುಗಟ್ಟಲೆ ಒದ್ದಾಡುತ್ತಾರೆ. ಗಡ್ಡದ ಎಳೆ, ಕಣ್ಣಿನ ಸುತ್ತಲ ಸುಕ್ಕು ಎಲ್ಲವೂ ಸರಿಯಾಗಿ ಬರುತ್ತದೆ. ರೆಕ್ಕೆಯನ್ನು ಮಾತ್ರ ಮನಸ್ಸಿಗೆ ತೋಚಿದಂತೆ ಬಡಿದು ಕೂರಿಸುತ್ತಾರೆ. ಇದು ನನಗೆ ಒಪ್ಪಿಗೆಯಿಲ್ಲ. ಆ ವ್ಯಕ್ತಿ ಜೀವ ತೇಯ್ದದ್ದು ಆ ರೆಕ್ಕೆಗಾಗಿ. ರೆಕ್ಕೆ ತಪ್ಪಾದರೆ ಪ್ರತಿಮೆಯೂ ತಪ್ಪು.

ಎಂಜಿನ್ ಇಲ್ಲದೆ ಗಾಳಿಯಲ್ಲಿ ತೇಲುವ ಗ್ಲೈಡರ್‌ಗಳನ್ನು ಕಟ್ಟಿ ಹಾರಿ ತೋರಿಸಿದ ಓಟ್ಟೊ ಲಿಲಿಯೆಂಟಾಲ್ ಹುಟ್ಟಿದ್ದು 1848ರ ಮೇ 23ರಂದು, ಜರ್ಮನಿಯ ಉತ್ತರದಲ್ಲಿ ಪೀನೆ ನದಿಯ ದಡದ ಆಂಕ್ಲಾಮ್ ಎಂಬ ಸಣ್ಣ ಊರಿನಲ್ಲಿ. ತಮ್ಮ ಗುಸ್ತಾವ್ ಜೊತೆ ಸೇರಿ ಕೊಕ್ಕರೆಗಳ ಹಾರಾಟ ನೋಡುತ್ತಾ ಬೆಳೆದದ್ದು ಅಲ್ಲಿಯೇ. ಇವತ್ತು ಆ ಊರಿನಲ್ಲಿ ಅವರ ಹೆಸರಿನ ಮ್ಯೂಸಿಯಂ ಇದೆ, ಸ್ಮಾರಕವೂ ಇದೆ. ಆದರೂ ಲಿಲಿಯೆಂಟಾಲ್ ಅಂದಕೂಡಲೇ ಶಿಲ್ಪಿಗಳ ಕೈ ಗ್ರೀಕ್ ಪುರಾಣದ ಕಡೆಗೇ ಹೋಗುತ್ತದೆ. ಬರ್ಲಿನ್‌ನ ಲಿಖ್ಟರ್‌ಫೆಲ್ಡೆಯಲ್ಲಿ 1914ರಲ್ಲಿ ಎದ್ದ ಸ್ಮಾರಕದ ಮೇಲೆ ನಿಂತಿರುವುದು ಇಕಾರಸ್. ತೋಳಿಗೆ ರೆಕ್ಕೆ ಕಟ್ಟಿಕೊಂಡು, ಅಪ್ಪನ ಮಾತು ಕೇಳದೆ ಸೂರ್ಯನ ಹತ್ತಿರ ಹೋಗಿ ಬಿದ್ದ ಹುಡುಗ ಅವನು. ಲಿಲಿಯೆಂಟಾಲ್ ಮಾಡಿದ್ದು ಇದಕ್ಕೆ ತೀರಾ ವಿರುದ್ಧವಾದ ಕೆಲಸ. ಹಾರುವ ಮೊದಲು ವರ್ಷಗಟ್ಟಲೆ ತಿರುಗುವ ತೋಳಿನ ಯಂತ್ರಕ್ಕೆ ರೆಕ್ಕೆಯ ಮಾದರಿಗಳನ್ನು ಕಟ್ಟಿ, ಯಾವ ಕೋನದಲ್ಲಿ ಗಾಳಿ ಎಷ್ಟು ಎತ್ತುತ್ತದೆ, ಎಷ್ಟು ತಡೆಯುತ್ತದೆ ಎಂದು ಅಳೆದರು. ಆ ಅಳತೆಗಳನ್ನು 1889ರಲ್ಲಿ ಪುಸ್ತಕವಾಗಿ ಎಲ್ಲರಿಗೂ ತೆರೆದಿಟ್ಟರು. 1891ರಲ್ಲಿ ಡೆರ್ವಿಟ್ಸ್ ಹತ್ತಿರದ ದಿಬ್ಬದಿಂದ ಸುಮಾರು 25 ಮೀಟರ್ ತೇಲಿದರು. ಮುಂದೆ ರೀನೋ ಗುಡ್ಡಗಳಲ್ಲಿ 250 ಮೀಟರ್‌ವರೆಗೆ ಹೋದರು. ಒಟ್ಟು 2000ಕ್ಕೂ ಹೆಚ್ಚು ಹಾರಾಟ. ಇಷ್ಟು ಲೆಕ್ಕಾಚಾರದ ಮನುಷ್ಯನಿಗೆ ಇಕಾರಸ್ ಯಾಕೆ?

ಲಿಖ್ಟರ್‌ಫೆಲ್ಡೆಯಲ್ಲೇ ಇನ್ನೊಂದು ಸ್ಮಾರಕವಿದೆ, ಅದು ಸರಿಯಾಗಿದೆ. ಹಾರಾಟದ ಅಭ್ಯಾಸಕ್ಕೆಂದು 1894ರಲ್ಲಿ ಲಿಲಿಯೆಂಟಾಲ್ ಸ್ವಂತ ಖರ್ಚಿನಲ್ಲಿ ಮಾಡಿಸಿದ 15 ಮೀಟರ್ ಎತ್ತರದ ಮಣ್ಣಿನ ದಿಬ್ಬವನ್ನೇ 1932ರಲ್ಲಿ ಸ್ಮಾರಕವಾಗಿಸಿದರು. ಅವರು ಓಡಿ ಜಿಗಿದ ನೆಲವೇ ಅಲ್ಲಿ ಸಾಕ್ಷಿ.

ಹುಟ್ಟೂರಿನಲ್ಲಿ ಅಂಥ ದಿಬ್ಬವಿಲ್ಲ. ಹಾಗಾಗಿ ಅಲ್ಲಿ ನಿಲ್ಲಬೇಕಾದದ್ದು ಮನುಷ್ಯ ಮತ್ತು ಗ್ಲೈಡರ್, ಎರಡೂ ನಿಜವಾದ ಅಳತೆಯಲ್ಲಿ. ಆರಿಸಬೇಕಾದದ್ದು 1894ರ ಅವರ ಮಾಮೂಲಿ ಗ್ಲೈಡರ್, ಅಂದರೆ ಹಲವರಿಗೆ ಮಾಡಿ ಮಾರಿದ ಮಾದರಿ. ರೆಕ್ಕೆ ತುದಿಯಿಂದ ತುದಿಗೆ 6.7 ಮೀಟರ್, ಹರವು 13 ಚದರ ಮೀಟರ್, ತೂಕ ಬರೀ 20 ಕಿಲೋ. ವಿಲೋ ಮರದ ಕೋಲುಗಳ ಮೇಲೆ ಹತ್ತಿ ಬಟ್ಟೆ. ರೆಕ್ಕೆಯ ಪಕ್ಕೆಲುಬುಗಳು ಕೊಡೆಯ ಕಡ್ಡಿಗಳಂತೆ ಮಡಚಿಕೊಳ್ಳುತ್ತಿದ್ದವು. ರೆಕ್ಕೆಯ ಉಬ್ಬು ಬಹಳ ಮುಖ್ಯ. ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ 2 ಮೀಟರ್ ಇದ್ದರೆ ನಡುವಿನ ಉಬ್ಬು ಸುಮಾರು 10ರಿಂದ 13 ಸೆಂಟಿಮೀಟರ್ ಬರಬೇಕು. ಎರಕ ಸುಲಭವಾಗಲಿ ಎಂದು ಚಪ್ಪಟೆ ತಗಡು ಹೊದಿಸಿದರೆ ಅವರ ಇಡೀ ಸಂಶೋಧನೆಯನ್ನೇ ಅಳಿಸಿದಂತೆ. ಬಾಗಿದ ರೆಕ್ಕೆ ಚಪ್ಪಟೆ ರೆಕ್ಕೆಗಿಂತ ಎಷ್ಟೋ ಚೆನ್ನಾಗಿ ಎತ್ತುತ್ತದೆ ಎಂಬುದನ್ನು ಅಳೆದು ತೋರಿಸಿದ್ದೇ ಅವರ ದೊಡ್ಡ ಕಾಣಿಕೆ.

ಭಂಗಿಯಲ್ಲೂ ಇದೇ ನಿಷ್ಠೆ ಬೇಕು. ಅವರು ಇವತ್ತಿನ ಹ್ಯಾಂಗ್ ಗ್ಲೈಡರ್‌ನವರಂತೆ ಮಲಗಿ ಹಾರಲಿಲ್ಲ. ತಲೆ, ಭುಜ ಚೌಕಟ್ಟಿನ ಮೇಲೆ. ಮೊಣಕೈ ಮಡಚಿ, ಮುಂಗೈಗಳನ್ನು ಮೆತ್ತೆಗೆ ಆನಿಸಿ, ಮುಷ್ಟಿಯಲ್ಲಿ ಅಡ್ಡಕೋಲು ಹಿಡಿದಿರುತ್ತಿದ್ದರು. ಎದೆಯಿಂದ ಕೆಳಗೆಲ್ಲ ಗಾಳಿಯಲ್ಲಿ ಜೋತಾಟ. ಗ್ಲೈಡರನ್ನು ಹತೋಟಿಯಲ್ಲಿ ಇಡುತ್ತಿದ್ದದ್ದು ಆ ಕಾಲುಗಳೇ. ಬಲ ರೆಕ್ಕೆ ಮೇಲೆದ್ದರೆ ಕಾಲು ಬಲಕ್ಕೆ, ಮೂತಿ ಎದ್ದರೆ ಕಾಲು ಮುಂದಕ್ಕೆ. ಆದ್ದರಿಂದ ಪ್ರತಿಮೆಯ ಒಂದು ರೆಕ್ಕೆಯನ್ನು ತುಸು ಎತ್ತಿ, ಎರಡೂ ಕಾಲುಗಳನ್ನು ಆ ಕಡೆಗೇ ಬೀಸಿರುವಂತೆ ಮಾಡಿದರೆ ನೋಡುವ ಶಾಲಾಮಕ್ಕಳಿಗೂ ಅವರ ಉಪಾಯ ತಿಳಿಯುತ್ತದೆ. ಊಹೆ ಮಾಡಬೇಕಿಲ್ಲ. ಓಟ್ಟೊಮಾರ್ ಆನ್‌ಷೂಟ್ಸ್ ಮುಂತಾದವರು ತೆಗೆದ ನೂರಕ್ಕೂ ಹೆಚ್ಚು ಫೋಟೋಗಳಿವೆ. ಶಿಲ್ಪಿ ಅವನ್ನು ಗೋಡೆಗೆ ಅಂಟಿಸಿಕೊಂಡು ಕೆಲಸಕ್ಕೆ ಕೂರಬೇಕು.

ಇನ್ನು ಗಾಳಿಯ ಮಾತು. ಪ್ರತಿಮೆಯ ಸಮಿತಿಗಳು ಕೊನೆಗೆ ಯೋಚಿಸುವ, ನಿಜವಾಗಿ ಮೊದಲು ಯೋಚಿಸಬೇಕಾದ ವಿಷಯ ಇದು. ಸರಿಯಾಗಿ ಮಾಡಿದ ರೆಕ್ಕೆ ಪ್ರತಿಮೆಯಲ್ಲಿದ್ದರೂ ರೆಕ್ಕೆಯೇ. ಮನುಷ್ಯ, ಗ್ಲೈಡರ್ ಸೇರಿ 100 ಕಿಲೋ ಎನ್ನಿ. ಸೆಕೆಂಡಿಗೆ ಸುಮಾರು 11 ಮೀಟರ್ ಗಾಳಿಗೆ 13 ಚದರ ಮೀಟರ್ ರೆಕ್ಕೆ ಅಷ್ಟು ತೂಕವನ್ನು ಎತ್ತುತ್ತದೆ. ಬಾಲ್ಟಿಕ್ ಕರಾವಳಿಗೆ ಹತ್ತಿರದ ಊರಿನಲ್ಲಿ ಅದೇನೂ ಅಪರೂಪದ ಗಾಳಿಯಲ್ಲ. ಗಾಳಿಯ ವೇಗ ದುಪ್ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಬಿರುಗಾಳಿ ಸೆಕೆಂಡಿಗೆ 40 ಮೀಟರ್ ಬೀಸಿದರೆ ಎತ್ತುವ ಬಲ ಸುಮಾರು 1.3 ಟನ್ ಮುಟ್ಟುತ್ತದೆ. ಚಳಿಗಾಲದಲ್ಲಿ ತೊಂದರೆ ಉಲ್ಟಾ ದಿಕ್ಕಿನಿಂದ: ಒಂದಡಿ ದಪ್ಪ ಒದ್ದೆ ಹಿಮ ಕೂತರೆ ಚದರ ಮೀಟರಿಗೆ 90 ಕಿಲೋ ಲೆಕ್ಕದಲ್ಲಿ ಒಂದು ಟನ್‌ಗೂ ಮಿಕ್ಕಿದ ಭಾರ ಕೆಳಕ್ಕೆ ಜಗ್ಗುತ್ತದೆ. ಮೇಲಕ್ಕೂ ಕೆಳಕ್ಕೂ ಹೀಗೆ ಜಗ್ಗಾಡಿದಾಗ ಮೊದಲು ಬಿರುಕು ಬಿಡುವುದು ರೆಕ್ಕೆ ಕಂಬಕ್ಕೆ ಸೇರುವ ಬೆಸುಗೆ.

ಹೀಗಾಗಿ ರೆಕ್ಕೆಯನ್ನು ಕಂಚಿನಲ್ಲಿ ಮಾಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. 4 ಮಿಲಿಮೀಟರ್ ಕಂಚಿನ ತಗಡು ಹೊದಿಸಿದರೆ ಹೊದಿಕೆಯೊಂದೇ 450 ಕಿಲೋ ದಾಟುತ್ತದೆ. ಅದನ್ನು ಹೊರಲು ದಪ್ಪ ತೊಲೆ, ತೊಲೆಗೆ ಇನ್ನೂ ದಪ್ಪ ಕಂಬ. ಕೊನೆಗೆ ಆ ಗ್ಲೈಡರಿನ ಹಗುರತನವೇ ಮಾಯ. ಮನುಷ್ಯನನ್ನು ಮಾತ್ರ ಮೇಣದಚ್ಚಿನಲ್ಲಿ 5–6 ಮಿಲಿಮೀಟರ್ ದಪ್ಪಕ್ಕೆ ಕಂಚಿನಲ್ಲಿ ಎರಕ ಹೊಯ್ಯಲಿ. ರೆಕ್ಕೆಯ ಪಕ್ಕೆಲುಬುಗಳಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ, ಬಟ್ಟೆಯ ಜಾಗದಲ್ಲಿ ಅದೇ ಸ್ಟೀಲಿನ ನೇಯ್ದ ಜಾಲರಿ. ದೂರದಿಂದ ಬಟ್ಟೆಯಂತೆ ಕಾಣುತ್ತದೆ, ಹತ್ತಿರದಿಂದ ಒಳಗಿನ ಅಸ್ಥಿಪಂಜರವೂ ಕಾಣುತ್ತದೆ. ಜಾಲರಿ ಹಾಕಿದ ಮಾತ್ರಕ್ಕೆ ಗಾಳಿಯ ಲೆಕ್ಕ ಸಡಿಲಿಸುವಂತಿಲ್ಲ. ಮಂಜುಗಡ್ಡೆ ಕಟ್ಟಿದರೆ, ಎಲೆ ಸಿಕ್ಕಿಕೊಂಡರೆ ಕಿಂಡಿಗಳು ಮುಚ್ಚಿಹೋಗುತ್ತವೆ. ಇಡೀ ತಗಡೇ ಇದೆ ಎಂದುಕೊಂಡೇ ಲೆಕ್ಕ ಹಾಕಬೇಕು.

ಕಂಬವನ್ನು ಪ್ರತಿಮೆಯ ಕಾಲಿನೊಳಗಿಂದ ತರುವ ಚಾಳಿ ಇದೆಯಲ್ಲ, ಅದನ್ನು ಇಲ್ಲಿ ಬಿಡಬೇಕು. ಇಷ್ಟು ಬಲವೆಲ್ಲ ಹಿಡಿ ದಪ್ಪದ ಕಾಲಗಂಟಿನ ಮೂಲಕ ನೆಲಕ್ಕೆ ಇಳಿಯಲಾರದು. ಅಲ್ಲದೆ ಹಾರುತ್ತಿರುವವರ ಕಾಲು ನೆಲಕ್ಕೆ ತಾಗಬಾರದು. ಕಂಬ ಹಿಂದಿನಿಂದ ಏರಿ ನೇರವಾಗಿ ಗ್ಲೈಡರಿನ ಚೌಕಟ್ಟಿಗೆ ಸೇರಲಿ, ಮನುಷ್ಯನೂ ನಿಜವಾಗಿ ಇದ್ದಂತೆ ಆ ಚೌಕಟ್ಟಿಗೇ ಜೋತುಬೀಳಲಿ. ಗಾಳಿ ಒಂದು ರೆಕ್ಕೆಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬಡಿದಾಗ ಕಂಬ ತಿರುಚಿಕೊಳ್ಳುತ್ತದೆ. ತಿರುಚುವ ಬಲಕ್ಕೆ ದುಂಡನೆಯ ಕೊಳವೆ ಸರಿ, ಐ ಆಕಾರದ ತೊಲೆ ಸರಿಹೋಗದು. ರೆಕ್ಕೆ ನೆಲದಿಂದ 5 ಮೀಟರ್ ಎತ್ತರದಲ್ಲಿದ್ದರೆ ಪಾಯಕ್ಕೆ 2.5 ಮೀಟರ್ ಉದ್ದ, ಅಷ್ಟೇ ಅಗಲ, 1 ಮೀಟರ್ ಆಳದ ಕಾಂಕ್ರೀಟ್ ಅಂದಾಜಿಗೆ ಇಟ್ಟುಕೊಳ್ಳಬಹುದು, ಅಂದರೆ ಸುಮಾರು 15 ಟನ್. ಕೊನೆಯ ಅಳತೆಯನ್ನು ಮಣ್ಣು ಪರೀಕ್ಷೆ ಮಾಡಿಸಿ ಇಂಜಿನಿಯರೇ ಹೇಳಬೇಕು. ಅಲ್ಲಿಯ ಚಳಿಗೆ ನೆಲ ಹೆಪ್ಪುಗಟ್ಟಿ ಉಬ್ಬುವುದರಿಂದ ಪಾಯದ ತಳ 80 ಸೆಂಟಿಮೀಟರ್‌ಗಿಂತ ಮೇಲಿರಲೇಬಾರದು.

ಸಣ್ಣವು ಅನ್ನಿಸಿದರೂ ಪ್ರತಿಮೆಯನ್ನು ಕೆಡಿಸುವ ಸಂಗತಿಗಳು ಇನ್ನೂ ಇವೆ. ಟೊಳ್ಳು ಕಂಚಿನೊಳಗೆ ನೀರು ನಿಂತು ಹೆಪ್ಪುಗಟ್ಟಿದರೆ ಎರಕ ಸೀಳುತ್ತದೆ. ಮೊಣಕೈ, ಪಾದದಂಥ ತಗ್ಗು ಜಾಗಗಳಲ್ಲೆಲ್ಲ 8–10 ಮಿಲಿಮೀಟರ್ ತೂತು ಬಿಡಬೇಕು. ಕಂಚಿನೊಳಗಿನ ಆಧಾರಕ್ಕೆ ಸಾದಾ ಕಬ್ಬಿಣ ಹಾಕಿದರೆ ಎರಡು ಲೋಹದ ನಡುವೆ ತೇವ ಸೇರಿ ಕಬ್ಬಿಣ ಬೇಗ ತುಕ್ಕು ಹಿಡಿದು ಉಬ್ಬಿ ಕಂಚನ್ನು ಒಳಗಿನಿಂದಲೇ ಒಡೆಯುತ್ತದೆ. ಸ್ಟೇನ್‌ಲೆಸ್ ಹಾಕಿದರೂ ಬೋಲ್ಟಿನ ಸುತ್ತ ನೈಲಾನ್ ವಾಷರ್ ಇರಲಿ. ರೆಕ್ಕೆಯ ಬಿಗಿತಂತಿಗಳನ್ನು ಕೆಲವರು ತೊಂದರೆ ಎಂದು ಬಿಟ್ಟೇಬಿಡುತ್ತಾರೆ. ಬಿಡಬಾರದು, ಆ ತಂತಿಗಳಿಲ್ಲದೆ ಆ ಗ್ಲೈಡರೇ ಇಲ್ಲ. ಆದರೆ ತೆಳು ತಂತಿ ಗಾಳಿಗೆ ಗುಂಯ್‌ಗುಟ್ಟಿ ನಡುಗುತ್ತಾ ತುದಿಯ ಕೊಂಡಿಯಲ್ಲಿ ತುಂಡಾಗುತ್ತದೆ. ಬಿಗಿಮಾಡುವ ಟರ್ನ್‌ಬಕಲ್ ಇಟ್ಟು ಪ್ರತಿವರ್ಷ ಚಳಿಗಾಲ ಮುಗಿದ ಮೇಲೆ ಒಬ್ಬರು ಏಣಿ ಹತ್ತಿ ಒಂದೊಂದನ್ನೂ ಮುಟ್ಟಿ ನೋಡಬೇಕು, ಬೆಸುಗೆಗಳನ್ನೂ ಪರೀಕ್ಷಿಸಬೇಕು. ಹಕ್ಕಿಗಳ ಹಿಕ್ಕೆ ಕಂಚನ್ನು ತಿನ್ನುತ್ತದೆ; ತೊಳೆದು ಮೇಣ ಹಚ್ಚುವುದೂ ಅದೇ ದಿನ ಆಗಲಿ. ಈ ಖರ್ಚನ್ನು ಊರಿನ ವಾರ್ಷಿಕ ಬಜೆಟ್‌ನಲ್ಲಿ ಬರೆದಿಡದೆ ಅನಾವರಣಕ್ಕೆ ದಿನ ಗೊತ್ತುಮಾಡಬಾರದು.

ಫಲಕದ ಬರಹಕ್ಕೂ ಒಂದು ಮಾತು. ಅವರ ಕೊನೆಯ ನುಡಿ ಎಂದು ಪ್ರಚಾರದಲ್ಲಿರುವ ‘ಬಲಿ ಕೊಡಲೇಬೇಕು’ ಎಂಬ ವಾಕ್ಯ ಅಲ್ಲಿ ಬೇಡ. ಅವರು ಹಾಗೆ ಅಂದರು ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ, ಸಾಯುವುದು ಅವರ ಉದ್ದೇಶವೂ ಆಗಿರಲಿಲ್ಲ. 1896ರ ಆಗಸ್ಟ್ 9ರಂದು ಗೊಲೆನ್‌ಬೆರ್ಗ್ ಗುಡ್ಡದಲ್ಲಿ ಗ್ಲೈಡರ್ ಗಾಳಿಯಲ್ಲೇ ತಡೆದು ನಿಂತು ಸುಮಾರು 15 ಮೀಟರ್ ಎತ್ತರದಿಂದ ಬಿತ್ತು, ಮರುದಿನ ಬರ್ಲಿನ್‌ನಲ್ಲಿ ತೀರಿಕೊಂಡರು. ಅದನ್ನು ಒಂದು ಸಾಲಿನಲ್ಲಿ ಬರೆದರೆ ಸಾಕು. ಉಳಿದ ಜಾಗದಲ್ಲಿ 6.7 ಮೀಟರ್, 13 ಚದರ ಮೀಟರ್, 20 ಕಿಲೋ, 250 ಮೀಟರ್ ಎಂಬ ಅಂಕಿಗಳನ್ನು ಮಕ್ಕಳ ಕಣ್ಣೆತ್ತರಕ್ಕೆ ದೊಡ್ಡದಾಗಿ ಕೆತ್ತಿಸಿ.