ಎಲ್ಲ ನಾರ್ಮಲ್, ಕಾಲು ಮಾತ್ರ ಉರಿಯುತ್ತಿದೆ

ಡಾಕ್ಟರು ರಿಪೋರ್ಟ್ ತಿರುವಿ ನೋಡಿದರು, ಕೆಳಗಿಟ್ಟರು, ನಕ್ಕರು. "ಕಂಗ್ರಾಜುಲೇಷನ್ಸ್! ಎಲ್ಲ ನಾರ್ಮಲ್."

ನಾನೂ ನಕ್ಕೆ. ಪಾಸಾದವನು ಅಳಬಾರದು, ಅಲ್ವಾ? ಆದರೆ ಅಷ್ಟು ಹೊತ್ತಿಗೆ ನನ್ನ ಎರಡೂ ಅಂಗಾಲು ಕಾದ ಹೆಂಚಿನ ಮೇಲಿಟ್ಟ ಹಾಗೆ ಉರಿಯುತ್ತಿದ್ದವು. "ಸರ್, ಈ ಉರಿ?" ಅಂದೆ. ಅವರು ಮತ್ತೊಮ್ಮೆ ರಿಪೋರ್ಟ್ ನೋಡಿದರು. ಅದರಲ್ಲಿ ಉರಿ ಇರಲಿಲ್ಲ.

ಕಾಲು ಒಂದು ಹೇಳುತ್ತಿದೆ, ಕಾಗದ ಇನ್ನೊಂದು ಹೇಳುತ್ತಿದೆ. ಕಾಗದಕ್ಕೆ ಸೀಲಿದೆ, ಸಹಿ ಇದೆ. ಕಾಲಿಗೆ ಎರಡೂ ಇಲ್ಲ. ಹಾಗಾಗಿ ಸುಳ್ಳು ಹೇಳುತ್ತಿರುವುದು ಕಾಲೇ ಎಂದು ಅವತ್ತೇ ತೀರ್ಮಾನವಾಯಿತು. ನಂತರದ ನಾಲ್ಕು ವರ್ಷ ನಾನು ಆ ಕಾಲಿನ ಪರವಾಗಿ ವಾದಿಸುವ ವಕೀಲನಾಗಿ ಓಡಾಡಿದೆ. ಫೀಸು ಮಾತ್ರ ನಾನೇ ಕಟ್ಟುತ್ತಿದ್ದೆ.

ಮೊದಲು ತಲೆಯ ಎಂಆರ್‌ಐ. ಉರಿ ಕಾಲಲ್ಲಿ, ಫೋಟೊ ತಲೆಯದು. ಇರಲಿ, ತಂತಿ ಮೇಲಿಂದಲೇ ಬರುತ್ತದಲ್ಲ. ಆ ಯಂತ್ರದ ಅಯಸ್ಕಾಂತ ಸಾಮಾನ್ಯವಾಗಿ 1.5 ಟೆಸ್ಲಾ, ಅಂದರೆ ಭೂಮಿಯ ಕಾಂತಶಕ್ತಿಯ ಸುಮಾರು 30,000 ಪಟ್ಟು. ಅಷ್ಟು ಶಕ್ತಿ ಖರ್ಚು ಮಾಡಿ, ಅರ್ಧ ಗಂಟೆ ಕಿವಿಯ ಪಕ್ಕ ಸುತ್ತಿಗೆ ಬಡಿದ ಹಾಗೆ ಸದ್ದು ಮಾಡಿ, ಕೊನೆಗೆ ಒಂದು ಸಾಲು ಬರೆದುಕೊಟ್ಟಿತು: ಗಮನಾರ್ಹವಾದದ್ದು ಏನೂ ಇಲ್ಲ. ನನ್ನ ತಲೆಯ ಬಗ್ಗೆ ಮನೆಯವರು ಇಷ್ಟು ದಿನ ಹೇಳುತ್ತಿದ್ದುದು ಇದನ್ನೇ. ಅವರು ಅಯಸ್ಕಾಂತ ಬಳಸಿರಲಿಲ್ಲ, ಅಷ್ಟೇ.

ಆಮೇಲೆ ನರಗಳ ಪರೀಕ್ಷೆ. ಕಾಲಿಗೆ ತಂತಿ ಅಂಟಿಸಿ ಸಣ್ಣಗೆ ಕರೆಂಟ್ ಹೊಡೆಯುತ್ತಾರೆ. ಸಂದೇಶ ನರದಲ್ಲಿ ಎಷ್ಟು ವೇಗವಾಗಿ ಓಡುತ್ತದೆ ಎಂದು ಅಳೆಯುತ್ತಾರೆ. ಹೊಡೆದಾಗಲೆಲ್ಲ ನಾನು ಎಗರಿ ಬೀಳುತ್ತಿದ್ದೆ. "ನರ ಚೆನ್ನಾಗಿದೆ, ನೋಡಿ!" ಎಂದು ಟೆಕ್ನಿಷಿಯನ್ ಖುಷಿಪಟ್ಟರು. ಮತ್ತೆ ನಾರ್ಮಲ್.

ಇಲ್ಲೊಂದು ಸಣ್ಣ ವಿಷಯವನ್ನು ಯಾರೂ ನನಗೆ ಹೇಳಲಿಲ್ಲ. ಈ ಪರೀಕ್ಷೆಗೆ ಕಾಣುವುದು ದಪ್ಪ ನರಗಳು ಮಾತ್ರ. ಉರಿ, ನೋವು, ಬಿಸಿ, ಇವನ್ನೆಲ್ಲ ಹೊತ್ತು ತರುವುದು ಕೂದಲಿಗಿಂತ ಎಷ್ಟೋ ಸಣ್ಣ ಎಳೆಗಳು. ಅವು ಎಷ್ಟೇ ಹಾಳಾಗಿದ್ದರೂ ದಪ್ಪ ನರಗಳ ಪರೀಕ್ಷೆ ನಾರ್ಮಲ್ ಬರಬಹುದು. ಹೆದ್ದಾರಿಯಲ್ಲಿ ನಿಂತು ಲಾರಿ ಎಣಿಸಿ, ಸಂದಿಯೊಳಗೆ ಯಾರ ಸೈಕಲ್ಲೂ ಪಂಕ್ಚರ್ ಆಗಿಲ್ಲ ಎಂದು ಬರೆದುಕೊಟ್ಟ ಹಾಗೆ. ಎಣಿಸಿದವರ ತಪ್ಪಿಲ್ಲ. ಲಾರಿಗಳು ನಿಜಕ್ಕೂ ಚೆನ್ನಾಗಿಯೇ ಓಡುತ್ತಿದ್ದವು.

ಕಾಯುವ ಬೆಂಚಿನಲ್ಲಿ ನನಗೆ ಒಳ್ಳೆಯ ಗೆಳೆಯರು ಸಿಕ್ಕರು. ವರ್ಷಗಟ್ಟಲೆ ಒಟ್ಟಿಗೆ ಕೂತರೆ ನೆಂಟಸ್ತಿಕೆಯೇ ಬೆಳೆಯುತ್ತದೆ. ಒಬ್ಬಾಕೆಗೆ ಎದ್ದು ನಿಂತರೆ ತಲೆ ತಿರುಗುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ. ಅವರನ್ನು ಮಲಗಿಸಿ ಇಸಿಜಿ ತೆಗೆದರು. ನಾರ್ಮಲ್. ಮಲಗಿದರೆ ತನಗೇನೂ ಆಗುವುದಿಲ್ಲ ಎಂದು ಆಕೆಯೂ ಮೊದಲಿಂದ ಅದನ್ನೇ ಹೇಳುತ್ತಿದ್ದರು. ಹತ್ತು ನಿಮಿಷ ನಿಲ್ಲಿಸಿ ನಾಡಿ ಎಣಿಸಿದ್ದರೆ ಸಾಕಿತ್ತು. ನಿಂತಾಗ ದೊಡ್ಡವರಲ್ಲಿ ನಿಮಿಷಕ್ಕೆ 30 ಬಡಿತ ಏರಿ, ಬಿಪಿ ಇಳಿಯದೆ ಹಾಗೇ ಉಳಿದರೆ ಪಾಟ್ಸ್ ಎಂಬ ತೊಂದರೆ ಇರಬಹುದೆಂಬ ಸುಳಿವು. ಅದಕ್ಕೆ ಬೇಕಾದ ಉಪಕರಣ ಒಂದು ಗಡಿಯಾರ, ಒಂದು ಬಿಪಿ ಪಟ್ಟಿ. ಇಷ್ಟು ಸುಲಭದ್ದನ್ನು ಯಾರು ತಾನೇ ಪರೀಕ್ಷೆ ಎಂದು ನಂಬುತ್ತಾರೆ!

ಇನ್ನೊಬ್ಬರಿಗೆ ಸಂಜೆಯಾದರೆ ರೆಪ್ಪೆ ಜೋತುಬೀಳುತ್ತದೆ, ಒಂದು ಎರಡಾಗಿ ಕಾಣುತ್ತದೆ. ಮಯಸ್ತೇನಿಯಾ ಎಂಬ ಕಾಯಿಲೆಯ ಗುಣವೇ ಅದು. ಸ್ನಾಯು ದುಡಿದಷ್ಟೂ ಸೋಲುತ್ತದೆ, ವಿಶ್ರಾಂತಿ ಸಿಕ್ಕರೆ ಚೇತರಿಸಿಕೊಳ್ಳುತ್ತದೆ. ಅವರಿಗೆ ಪ್ರತಿ ಸಲವೂ ಸಿಗುತ್ತಿದ್ದುದು ಬೆಳಗ್ಗೆ ಒಂಬತ್ತರ ಅಪಾಯಿಂಟ್‌ಮೆಂಟ್. ರಾತ್ರಿಯಿಡೀ ಮಲಗಿ, ಮುಖ ತೊಳೆದು, ಅರಳಿದ ಕಣ್ಣಿನಲ್ಲಿ ಹೋಗಿ ನಿಲ್ಲುತ್ತಿದ್ದರು. ಮೂರನೆಯವನಿಗೆ ತಿಂಗಳಿಗೊಮ್ಮೆ ಫಿಟ್ಸ್ ತರಹ ಏನೋ ಬರುತ್ತದೆ. ಮೆದುಳಿನ ವಿದ್ಯುತ್ ಅಲೆ ನೋಡುವ ಇಇಜಿ ಅರ್ಧ ಗಂಟೆ ಮಾಡಿದರು. ಆ ಅರ್ಧ ಗಂಟೆಯಲ್ಲಿ ಅದು ಬರಲಿಲ್ಲ. ತಿಂಗಳಿಗೊಮ್ಮೆ ಬರುವ ಕಳ್ಳನಿಗಾಗಿ ಮಧ್ಯಾಹ್ನ ಅರ್ಧ ಗಂಟೆ ಬಾಗಿಲಲ್ಲಿ ಕೂತು, ಕಳ್ಳನೇ ಇಲ್ಲ ಎಂದು ಎದ್ದುಹೋದ ಹಾಗಾಯಿತು.

ಡಾಕ್ಟರುಗಳನ್ನು ಮಾತ್ರ ಬೈದು ಸುಮ್ಮನಾಗಲಾರೆ. ಒಬ್ಬೊಬ್ಬರೇ ಸಿಕ್ಕಾಗ ಒಳ್ಳೆಯವರೇ. ಆದರೆ ಬಾಗಿಲಾಚೆ ಉದ್ದ ಸಾಲಿರುತ್ತದೆ. 1984ರಲ್ಲಿ ಒಂದು ಅಧ್ಯಯನ ಮಾಡಿದಾಗ, ರೋಗಿ ಬಾಯಿ ತೆರೆದ ಸರಾಸರಿ 18 ಸೆಕೆಂಡಿಗೆ ವೈದ್ಯರು ನಡುವೆ ಮಾತಾಡಿದ್ದರು. 2018ರ ಇನ್ನೊಂದರಲ್ಲಿ ಅದು 11 ಸೆಕೆಂಡಿಗೆ ಇಳಿದಿತ್ತು. ಪ್ರಗತಿ ಅಂದರೆ ಇದು. ನಾನು ಮನೆಯಲ್ಲಿ ಗಡಿಯಾರ ಹಿಡಿದು ಅಭ್ಯಾಸ ಮಾಡಿದೆ. "ನಮಸ್ಕಾರ ಸರ್, ನಾಲ್ಕು ವರ್ಷದಿಂದ ಅಂಗಾಲು ಉರಿ, ರಾತ್ರಿ ಜಾಸ್ತಿ, ಬೆರಳು ಜೋಮು, ಹೊದಿಕೆ ತಾಗಿದರೂ..." ಹನ್ನೊಂದು ಸೆಕೆಂಡ್ ಮುಗಿಯಿತು. ನಮಸ್ಕಾರವನ್ನು ಕೈಬಿಟ್ಟರೆ ಮೊಣಕಾಲಿನ ತನಕ ಹೋಗಬಹುದು.

ಯಂತ್ರಗಳೆಲ್ಲ ಕೈಚೆಲ್ಲಿದ ಮೇಲೆ ಬರುವುದು ಟೆನ್ಷನ್. "ಟೆನ್ಷನ್ ಇದೆಯಾ?" ಎಂದು ಕೇಳುತ್ತಾರೆ. ನಾಲ್ಕು ವರ್ಷದಿಂದ ಕಾಲು ಉರಿಯುತ್ತಿದೆ, ಏನೆಂದು ಯಾರೂ ಹೇಳುತ್ತಿಲ್ಲ. ಟೆನ್ಷನ್ ಇದೆ ಎಂದೆ. "ಹಾಂ, ಅದಕ್ಕೇ ಉರಿ" ಎಂದರು.

ಇದೇನು ಹೊಸ ಔಷಧಿಯಲ್ಲ. ಹಿಂದೆ ಹೆಂಗಸರ ಕೈಕಾಲು ನಡುಗಿದರೆ ಹಿಸ್ಟೀರಿಯಾ ಎನ್ನುತ್ತಿದ್ದರು. ಆ ಪದ ಹುಟ್ಟಿದ್ದು ಗರ್ಭಕೋಶಕ್ಕೆ ಗ್ರೀಕರಿಟ್ಟ ಹೆಸರಿನಿಂದ. 1965ರಲ್ಲಿ ಎಲಿಯಟ್ ಸ್ಲೇಟರ್ ಎಂಬ ಬ್ರಿಟಿಷ್ ಮನೋವೈದ್ಯರು, ಹಿಸ್ಟೀರಿಯಾ ಎಂದು ಬರೆಸಿಕೊಂಡು ಹೋದ ರೋಗಿಗಳನ್ನು ಮತ್ತೆ ಹುಡುಕಿ ನೋಡಿದರು. ಎಷ್ಟೋ ಜನರಿಗೆ ಆಮೇಲೆ ಬೇರೆಯೇ ಕಾಯಿಲೆ ಹೊರಬಿದ್ದಿತ್ತು. ಆ ಹೆಸರು ಅಜ್ಞಾನಕ್ಕೆ ಹಾಕಿದ ಮುಖವಾಡ ಎಂದು ಅವರು ಬರೆದರು. ಇತ್ತೀಚೆಗೆ ಈ ತಪ್ಪು ಬಹಳ ಕಡಿಮೆಯಾಗಿದೆ. 1970ರ ನಂತರದ ಅಧ್ಯಯನಗಳನ್ನು 2005ರಲ್ಲಿ ಒಟ್ಟು ಹಾಕಿ ನೋಡಿದಾಗ ಶೇಕಡ 4ರ ಆಸುಪಾಸು ಎಂದು ಲೆಕ್ಕ ಸಿಕ್ಕಿತು. ಒಪ್ಪಿದೆ. ಆದರೆ ಅದು ಕೂತು ಪರೀಕ್ಷೆ ಮಾಡಿದವರ ಲೆಕ್ಕ. ಎದ್ದು ನಿಂತು, ಬಾಗಿಲ ಹಿಡಿ ತಿರುಗಿಸುತ್ತಾ "ಎಲ್ಲ ಮನಸ್ಸಿನದು" ಎಂದವರದ್ದಲ್ಲ.

ನರಮಂಡಲದ ತಂತಿಗಳು ಸರಿಯಿದ್ದು, ಅವು ಕೆಲಸ ಮಾಡುವ ರೀತಿ ಮಾತ್ರ ಎಡವುವ ಕಾಯಿಲೆ ನಿಜವಾಗಿಯೂ ಇದೆ. ಅದು ನಾಟಕವಲ್ಲ. ಅದನ್ನು ಗುರುತಿಸಲು ಹೂವರ್ ಎಂಬ ವೈದ್ಯರು 1908ರಲ್ಲೇ ಒಂದು ಗುರುತು ವಿವರಿಸಿದರು. ಸೋತ ಕಾಲನ್ನು ಕೆಳಗೆ ಒತ್ತಿ ಅಂದರೆ ಆಗುವುದಿಲ್ಲ, ಇನ್ನೊಂದು ಕಾಲನ್ನು ಮೇಲೆತ್ತಿ ಅಂದಾಗ ಅದೇ ಸೋತ ಕಾಲು ತಾನಾಗಿ ಒತ್ತುತ್ತದೆ. ಅಂದರೆ ಅದನ್ನೂ ಮುಟ್ಟಿ ನೋಡಿಯೇ ಹೇಳಬೇಕು. ಉಳಿದದ್ದೆಲ್ಲ ಗುಡಿಸಿ ಹಾಕುವ ಕಸದ ಬುಟ್ಟಿ ಅದಲ್ಲ.

ಕೊನೆಗೆ ಒಬ್ಬ ಡಾಕ್ಟರಮ್ಮ ಸಿಕ್ಕರು. ಅವರು ಬೂಟು ಬಿಚ್ಚಿ ಎಂದರು. ನಾಲ್ಕು ವರ್ಷದಲ್ಲಿ ನನ್ನ ಕಾಲನ್ನು ನೋಡಿದ ಮೊದಲ ವ್ಯಕ್ತಿ. ಪಾದದ ಗಂಟಿನ ಮೇಲಿನಿಂದ 3 ಮಿಲಿಮೀಟರ್ ಅಗಲದ ಚರ್ಮ ತೆಗೆದು, ಅದರಲ್ಲಿ ಸಣ್ಣ ನರದ ಎಳೆ ಎಷ್ಟಿವೆ ಎಂದು ಎಣಿಸಲು ಕಳಿಸಿದರು. ಇರಬೇಕಾದಷ್ಟು ಇರಲಿಲ್ಲ.

ಅಬ್‌ನಾರ್ಮಲ್! ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಮನೆಗೆ ಫೋನ್ ಮಾಡಿದೆ. "ನರ ಹಾಳಾಗಿದೆಯಂತೆ!" ಎಂದು ಕೂಗಿದೆ. ಆ ಕಡೆಯೂ ಒಂದೇ ಸಂಭ್ರಮ. ಪಕ್ಕದಲ್ಲಿ ಕೂತಿದ್ದ ಅಪರಿಚಿತರೊಬ್ಬರು ಎದ್ದು ದೂರ ಹೋಗಿ ಕೂತರು.

ಇಷ್ಟಾದ ಮೇಲೆ ಕೌಂಟರಿನವರು ಕಂಪ್ಯೂಟರಿನಲ್ಲಿ ಕಾರಣದ ಜಾಗ ತುಂಬಲು ನಿಂತರು. ಅದು ಖಾಲಿ ಇದ್ದರೆ ಮುಂದಕ್ಕೆ ಹೋಗುವುದಿಲ್ಲ. ಪ್ರತಿ ಕಾಯಿಲೆಗೂ, ಗಾಯಕ್ಕೂ ಒಂದು ನಂಬರ್ ಕೊಡುವ ಈ ಪಟ್ಟಿಗಳ ಬಗ್ಗೆ ನನಗೆ ಭಾರಿ ಗೌರವ. ಅಮೆರಿಕದ ಪಟ್ಟಿಯಲ್ಲಿ ಬಾತುಕೋಳಿ ಬಡಿದದ್ದಕ್ಕೂ ಬೇರೆಯೇ ನಂಬರ್ ಇದೆ, ಜೆಟ್ ಎಂಜಿನ್ನಿನೊಳಗೆ ಸೆಳೆದುಕೊಂಡು ಹೋದದ್ದಕ್ಕೂ ಇದೆ. ನನ್ನದನ್ನು ಏನೆಂದು ಬರೆಯುವುದು? ನಾಲ್ಕು ವರ್ಷ ಎಲ್ಲರೂ "ಗೊತ್ತಿಲ್ಲ" ಎಂದಿದ್ದರು. ಗೊತ್ತಿಲ್ಲ ಎಂಬುದನ್ನು ಕಂಪ್ಯೂಟರ್ ಒಪ್ಪಲಿಲ್ಲ.

ಡಾಕ್ಟರಮ್ಮ ಬಂದು "ಇಡಿಯೋಪಥಿಕ್" ಎಂದು ಹಾಕಿ ಎಂದರು. ಹಾಗಂದರೇನು ಮೇಡಂ ಎಂದೆ. ಪಾಪ, ನೇರವಾಗಿಯೇ ಹೇಳಿದರು: "ಕಾರಣ ಗೊತ್ತಿಲ್ಲ ಅಂತ." ಆಮೇಲೆ ಹುಡುಕಿ ನೋಡಿದೆ. ಗ್ರೀಕಿನಲ್ಲಿ ಇಡಿಯೋಸ್ ಅಂದರೆ ತನ್ನದು, ಪಾಥೋಸ್ ಅಂದರೆ ನೋವು. ಎರಡೂ ಸೇರಿದರೆ, ನಿನ್ನ ನೋವು ನಿನ್ನದು.

ಕಂಪ್ಯೂಟರ್ ತಕ್ಷಣ ಒಪ್ಪಿಕೊಂಡು ರಸೀದಿ ಹೊರಗೆ ಹಾಕಿತು.